ಹಂಡೆ ಹಾಗೇ ಇರಲಿ ಅಕ್ಕಾ

ಮರಳೂರು ದಿಣ್ಣೆ, ತುಮಕೂರು

ಪ್ರೀತಿಯ ಅಕ್ಕನಿಗೆ,

ಭಾವನವರ ಮಂಡಿನೋವು ಹೇಗಿದೆ ಅಂತ ಬರೆ.

ಬಚ್ಚಲೊಲೆಯ ಬಗ್ಗೆ ನಿಮ್ಮ ಹುಡುಗನ ಕೈಲಿ ನೀನು ಹೇಳಿ ಕಳಿಸಿದ್ದು ತಲುಪಿತು. ಸೌದೆ ಅರ್ಧಕ್ಕಿಳಿಯಬೇಕು, ಬಚ್ಚಲಲ್ಲಿ ಹೊಗೆ ನಿಲ್ಲಬಾರದು, ಖರ್ಚು ಐದು ಸಾವಿರ ದಾಟಬಾರದು, ಅಮ್ಮನ ತಾಮ್ರದ ಹಂಡೆ ಮನೆ ಬಿಟ್ಟು ಹೋಗಬಾರದು. ಈ ನಾಲ್ಕಕ್ಕೂ ಒಪ್ಪುವಂಥದ್ದನ್ನೇ ಮಾಡಿಕೊಡುತ್ತೇನೆ. ಆದರೆ ಹುಡುಗ ಬರೆದು ತಂದ ನಕ್ಷೆಯಂತೆ ಮಾಡುವುದಿಲ್ಲ. ಯಾಕೆ ಅನ್ನುವುದನ್ನು ಫೋನಿನಲ್ಲಿ ಹೇಳಹೊರಟರೆ ಅರ್ಧಕ್ಕೇ ನಿಂತುಹೋಗುತ್ತದೆ. ದಿನಾ ಬೆಳಿಗ್ಗೆ ಆ ಒಲೆಯ ಮುಂದೆ ಕೂರುವವಳು ನೀನು, ನಿನಗೆ ಪೂರ್ತಿ ತಿಳಿಯಬೇಕು ಅಂತ ಬರೆಯುತ್ತಿದ್ದೇನೆ.

ನಕ್ಷೆ ಚೆನ್ನಾಗಿದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಸಿದ್ಧಾರ್ಥ ಕಾಲೇಜಿನಲ್ಲಿ ಕಲಿತದ್ದು ಅವನ ಕೈಯಲ್ಲಿ ಇಳಿಯುತ್ತಿದೆ. 1979ರಲ್ಲಿ ಆ ಕಾಲೇಜು ನಮ್ಮ ಮರಳೂರಿಗೆ ಬಂದದ್ದರಿಂದ ಕುಣಿಗಲ್, ಗುಬ್ಬಿ ಕಡೆಯ ಎಷ್ಟೋ ಮನೆಗಳ ಮಕ್ಕಳು ಬಸ್ಸಿನಲ್ಲಿ ಹೋಗಿಬಂದೇ ಎಂಜಿನಿಯರ್ ಆದರು. ಅವನು ಬರೆದಿರುವುದು ಇಷ್ಟು: ಒಲೆಯೊಳಗೆ ತಾಮ್ರದ ಪೈಪನ್ನು ಸುರುಳಿ ಸುತ್ತಿ ಕೂರಿಸುವುದು, ಮೇಲೊಂದು ಡ್ರಮ್ಮು ಇಡುವುದು. ಸುರುಳಿಯಲ್ಲಿ ಕಾದ ನೀರು ಹಗುರಾಗಿ ತಾನೇ ಡ್ರಮ್ಮಿಗೆ ಏರುತ್ತದೆ, ತಣ್ಣೀರು ಕೆಳಗಿಳಿಯುತ್ತದೆ, ಪಂಪು ಬೇಡ. ಸೋಲಾರ್ ಹೀಟರು ಕೆಲಸ ಮಾಡುವುದೂ ಹೀಗೇ. ಪುಸ್ತಕದ ಪ್ರಕಾರ ತಪ್ಪೇನಿಲ್ಲ. ನಿಮ್ಮೂರಿನ ಬೋರ್‌ವೆಲ್ ನೀರಿಗೆ ಮಾತ್ರ ಅದು ಒಗ್ಗುವುದಿಲ್ಲ.

ಮೊದಲು ನಿನ್ನ ಸೌದೆಯ ಲೆಕ್ಕ ನೋಡು. ಮನೆಯಲ್ಲಿ ಐದು ಜನ, ತಲೆಗೆ 20 ಲೀಟರ್ ಅಂದರೆ 100 ಲೀಟರ್. ಚಳಿಗಾಲದ ಬೆಳಿಗ್ಗೆ ತೊಟ್ಟಿಯ ನೀರು 22 ಡಿಗ್ರಿ ಅಂದುಕೋ, ಮೈಗೆ ಹಿತವಾಗುವುದು 42. ನೂರು ಲೀಟರನ್ನು 20 ಡಿಗ್ರಿ ಏರಿಸಲು 2,000 ಕಿಲೋ ಕ್ಯಾಲೊರಿ ಶಾಖ ಸಾಕು. ಅಮ್ಮನ 60 ಲೀಟರಿನ ಹಂಡೆಯನ್ನು 55 ಡಿಗ್ರಿಗೆ ಕಾಯಿಸಿ ತಣ್ಣೀರು ಬೆರೆಸಿಕೊಂಡರೂ ಲೆಕ್ಕ ಅದೇ. ಚೆನ್ನಾಗಿ ಒಣಗಿದ ಒಂದು ಕಿಲೋ ಸೌದೆಯಲ್ಲಿ 4,000 ಕಿಲೋ ಕ್ಯಾಲೊರಿಯ ಹತ್ತಿರ ಇರುತ್ತದೆ. ಅಂದರೆ ಮನೆಮಂದಿಯ ಸ್ನಾನಕ್ಕೆಲ್ಲ ನಿಜಕ್ಕೂ ಬೇಕಾದದ್ದು ಅರ್ಧ ಕಿಲೋ ಸೌದೆ. ನೀನು ಉರಿಸುತ್ತಿರುವುದು ಐದು ಕಿಲೋಗೆ ಕಮ್ಮಿಯಿಲ್ಲ. ಹಳೆಯ ತೆರೆದ ಬಾಯಿಯ ಒಲೆಗಳು ನೂರಕ್ಕೆ ಹತ್ತರ ಆಸುಪಾಸು ಶಾಖವನ್ನು ಪಾತ್ರೆಗೆ ಕೊಟ್ಟು ಉಳಿದದ್ದನ್ನು ಗೋಡೆಗೆ, ಗಾಳಿಗೆ, ನಿನ್ನ ಕಣ್ಣಿಗೆ ಕೊಡುತ್ತವೆ. ಅರ್ಧ ಕಿಲೋದ ಕೆಲಸಕ್ಕೆ ಐದು ಕಿಲೋ ಹೊತ್ತು ತರುತ್ತಿದ್ದೀಯ. ಇದನ್ನು ಬರೆಯುವಾಗ ನನಗೆ ಸಂಕಟವಾಗುತ್ತದೆ.

ಬೇರೆ ದಾರಿ ಇಲ್ಲವೇ ಅಂತ ಭಾವ ಕೇಳುತ್ತಾರೆ. ಇವೆ. ಇದೇ ನೀರನ್ನು ಅಡುಗೆ ಗ್ಯಾಸಿನಲ್ಲಿ ಕಾಯಿಸಿದರೆ ತಿಂಗಳಿಗೆ ಹತ್ತು ಕಿಲೋ ಹತ್ತಿರ ಬೇಕು, ಸಿಲಿಂಡರಿನಲ್ಲಿರುವುದು 14.2 ಕಿಲೋ. ಅದಕ್ಕೇ ನೋಡು, ಅಡುಗೆಮನೆಗೆ ಗ್ಯಾಸ್ ಬಂದು ಎಷ್ಟು ವರ್ಷವಾದರೂ ನಮ್ಮ ಕಡೆ ಬಚ್ಚಲಿನ ಸೌದೆ ಒಲೆ ಆರಲಿಲ್ಲ. ಕರೆಂಟಿನ ರಾಡು ಹಾಕಿದರೆ ದಿನಕ್ಕೆ ಎರಡೂಕಾಲು ಯೂನಿಟ್ಟು ಚಿಲ್ಲರೆ, ತಿಂಗಳಿಗೆ 70 ಯೂನಿಟ್. ಗೃಹಜ್ಯೋತಿ ಯೋಜನೆಯಲ್ಲಿ ಕರೆಂಟು ಉಚಿತ ಅಂತ ಭಾವ ಅನ್ನಬಹುದು. ಆದರೆ ಅಲ್ಲಿ ಪ್ರತಿ ಮನೆಯ ಮಿತಿಯೂ ಅವರ ಹಳೆಯ ಸರಾಸರಿ ಬಳಕೆಯ ಮೇಲೆ ಒಂದಿಷ್ಟು ಸೇರಿಸಿ ಕಟ್ಟಿದ್ದು. ನಿಮ್ಮಂಥ ಮನೆಗೆ ಒಮ್ಮೆಗೇ 70 ಯೂನಿಟ್ ಏರಿದರೆ ಆ ಮಿತಿ ದಾಟುತ್ತದೆ. ಸೋಲಾರ್ ಒಳ್ಳೆಯದು, ನೂರು ಲೀಟರಿಗೆ ಎರಡು ಚದರ ಮೀಟರ್ ತಟ್ಟೆ ಸಾಕು. ಕೈಯಲ್ಲಿ ಹಣ ಕೂಡಿದಾಗ ಹಾಕಿಸು, ನಾನೇ ಬಂದು ನಿಲ್ಲುತ್ತೇನೆ. ಗ್ಯಾಸ್ ಗೀಜರನ್ನಂತೂ ಬಚ್ಚಲೊಳಗೆ ಯಾವ ಕಾರಣಕ್ಕೂ ಇಡಬೇಡ. ಬಾಗಿಲು ಹಾಕಿದ ಕೋಣೆಯಲ್ಲಿ ಅದು ಉರಿದರೆ ಹುಟ್ಟುವ ವಿಷಾನಿಲಕ್ಕೆ ವಾಸನೆಯೂ ಇರುವುದಿಲ್ಲ. ಸ್ನಾನಕ್ಕೆ ಹೋದವರು ಹೊರಗೆ ಬರಲಿಲ್ಲ ಅನ್ನುವ ಸುದ್ದಿ ಪ್ರತಿ ಚಳಿಗಾಲವೂ ಓದುತ್ತೇವೆ.

ನಿಮ್ಮದು ತೆಂಗಿನ ತೋಟ. ಎಡೆಮಟ್ಟೆ, ಗರಿ, ಕಾಯಿಸಿಪ್ಪೆ ಬೇಲಿ ಪಕ್ಕ ರಾಶಿ ಬಿದ್ದಿರುತ್ತದೆ. ಚಿಪ್ಪಿಗೆ ಈಗ ಬೆಲೆ ಬಂದಿದೆ, ಅದನ್ನು ಮಾರು. ಉಳಿದದ್ದು ಉರುವಲಿಗೆ ಧಾರಾಳ. ಹಾಗಾಗಿ ಈಗಿನ ಮಟ್ಟಿಗೆ ಒಲೆಯನ್ನೇ ಸರಿಮಾಡುವುದು ಜಾಣತನ.

ಈಗ ಸುರುಳಿಯ ವಿಷಯ. ನಿಮ್ಮ ನೀರು ಗಡಸು. ಕಾಯುತ್ತಿದ್ದಂತೆ ಅದರಲ್ಲಿ ಕರಗಿರುವ ಸುಣ್ಣ ಬಿಟ್ಟುಕೊಂಡು ಬಿಸಿ ಲೋಹಕ್ಕೆ ಅಂಟುತ್ತದೆ. ಹಂಡೆಯ ತಳದಲ್ಲಿ ಬಿಳಿ ಪೊರೆ ಕಾಣುತ್ತೀಯಲ್ಲ, ಅದೇ. ಹಂಡೆಯಲ್ಲಾದರೆ ಹುಣಸೆಹಣ್ಣು ಹಾಕಿ ಉಜ್ಜುತ್ತೀಯ, ಹೋಗುತ್ತದೆ. ಹೆಬ್ಬೆರಳು ಗಾತ್ರದ ಪೈಪಿನ ಸುರುಳಿಯೊಳಗೆ ಯಾರ ಕೈ ಹೋಗುತ್ತದೆ? ಕಟ್ಟುತ್ತಾ ಕಟ್ಟುತ್ತಾ ಒಂದು ದಿನ ನೀರು ಓಡುವುದು ನಿಲ್ಲುತ್ತದೆ, ಕೆಳಗೆ ಬೆಂಕಿ ಉರಿಯುತ್ತಲೇ ಇರುತ್ತದೆ. ನೀರು ಆವಿಯಾದರೆ 1,600 ಪಟ್ಟು ಹಿಗ್ಗುತ್ತದೆ. ಎರಡೂ ಕಡೆ ಕಟ್ಟಿದ ಪೈಪಿನಲ್ಲಿ ಆ ಆವಿ ಎಲ್ಲಿಗೆ ಹೋಗಬೇಕು? ಮಕ್ಕಳು ಓಡಾಡುವ ಬಚ್ಚಲಲ್ಲಿ ಅಂಥದ್ದನ್ನು ನಾನು ಕೂರಿಸುವುದಿಲ್ಲ.

ಅವನ ನಕ್ಷೆಯಲ್ಲಿ ತಾಮ್ರದ ಪೈಪಿಗೇ ಐದಾರು ಸಾವಿರ ಹೋಗುತ್ತದೆ. ಆ ತಾಮ್ರದಿಂದ ಲಾಭವೂ ಇಲ್ಲ. ತಾಮ್ರ ಕಬ್ಬಿಣಕ್ಕಿಂತ ಹಲವು ಪಟ್ಟು ಚೆನ್ನಾಗಿ ಶಾಖ ಸಾಗಿಸುತ್ತದೆ, ಅದು ನಿಜ. ಆದರೆ ಬೆಂಕಿಯಿಂದ ನೀರಿಗೆ ಹೋಗುವ ಶಾಖ ಮೂರು ಗೇಟು ದಾಟಬೇಕು: ಮೊದಲು ಹೊಗೆಯಿಂದ ಲೋಹಕ್ಕೆ, ಆಮೇಲೆ ಲೋಹದ ದಪ್ಪವನ್ನು ದಾಟಿ, ಕೊನೆಗೆ ಲೋಹದಿಂದ ನೀರಿಗೆ. ಒಟ್ಟು ತಡೆ ನೂರು ಪಾಲು ಅಂದುಕೊಂಡರೆ ತೊಂಬತ್ತೈದಕ್ಕೂ ಹೆಚ್ಚು ಮೊದಲ ಗೇಟಿನಲ್ಲೇ ಇದೆ. ಹೊಗೆ ತನ್ನ ಬಿಸಿಯನ್ನು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ನೀರು ಉಳಿದ ನಾಲ್ಕೈದು ಪಾಲು ತೆಗೆದುಕೊಳ್ಳುತ್ತದೆ. ತೆಳು ತಗಡಿನ ಪಾಲು ಒಂದೂ ಇಲ್ಲ, ಅದು ತಾಮ್ರವಾಗಲಿ ಕಬ್ಬಿಣವಾಗಲಿ. ತಗಡು ಬದಲಿಸಿ ದುಡ್ಡು ಸುರಿದರೆ ತೆರೆದೇ ಇರುವ ಗೇಟನ್ನು ಇನ್ನಷ್ಟು ತೆರೆದ ಹಾಗೆ.

ಗ್ಯಾಸ್ ಗೀಜರು ಬಿಚ್ಚಿದರೆ ಇದು ಕಣ್ಣಿಗೇ ಕಾಣುತ್ತದೆ. ನೀರು ಹೋಗುವ ಪೈಪು ಒಳಗೆ ನುಣ್ಣಗಿರುತ್ತದೆ. ಹೊರಗೆ, ಬೆಂಕಿಯ ಕಡೆ ಮಾತ್ರ ಒತ್ತೊತ್ತಾಗಿ ತೆಳ್ಳನೆ ರೆಕ್ಕೆಗಳನ್ನು ಜೋಡಿಸಿರುತ್ತಾರೆ. ಮೊಂಡು ಇರುವುದು ಹೊಗೆಯ ಕಡೆ ಅಂತ ಅದನ್ನು ಮಾಡಿದವರಿಗೆ ಗೊತ್ತು. ಸೌದೆ ಒಲೆಗೆ ರೆಕ್ಕೆ ಕೂರಿಸಲಾಗದು, ವಾರದಲ್ಲಿ ಮಸಿ ಕಟ್ಟಿ ಮುಚ್ಚಿಹೋಗುತ್ತದೆ. ಆದರೆ ಆ ತಿಳಿವಳಿಕೆ ನಮಗೂ ಬೇಕಾದದ್ದೇ. ಹುಡುಗನಿಗೆ ನಾನು ಹೇಳಿದ್ದು ಇಷ್ಟೇ: ನೀರಿನ ಕಡೆ ನಾವು ಮಾಡುವಂಥದ್ದು ಏನೂ ಇಲ್ಲ, ಇರುವ ಕೆಲಸವೆಲ್ಲ ಹೊಗೆಯ ಕಡೆ. ಹಂಡೆಯೇ ನಮ್ಮ ಹೀಟ್ ಎಕ್ಸ್‌ಚೇಂಜರ್. ಅದರ ಸುತ್ತ ಹೊಗೆ ಹೋಗುವ ದಾರಿಯನ್ನು ಸರಿಯಾಗಿ ಕಟ್ಟಬೇಕು, ಅಷ್ಟೇ.

ಇದು ನನ್ನ ಸ್ವಂತ ಬುದ್ಧಿಯಲ್ಲ ಅಕ್ಕಾ. ಈ ಪಾಠ ನಿಮ್ಮ ತಾಲ್ಲೂಕಿನಲ್ಲೇ ಹುಟ್ಟಿದ್ದು. ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್ ಅಂತ ಅಪ್ಪ ಹೇಳುತ್ತಿದ್ದ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿ ಮತ್ತು ಅವರ ಜೊತೆಗಾರರು ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನಕ್ಕೆಂದೇ ಅಸ್ತ್ರ ಅನ್ನುವ ವಿಭಾಗ ಕಟ್ಟಿದರು. ಅದರ ಕೇಂದ್ರವೊಂದನ್ನು ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ತೆರೆದರು. ಅವರು ಸುತ್ತಲ ಆರು ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಯಾವ ಕೆಲಸಕ್ಕೆ ಎಷ್ಟು ಸೌದೆ, ಎಷ್ಟು ಸೀಮೆಎಣ್ಣೆ, ಎಷ್ಟು ಹೊತ್ತಿನ ದುಡಿಮೆ ಹೋಗುತ್ತದೆ ಅಂತ ಲೆಕ್ಕ ಹಾಕಿದರು. ಸೌದೆಯ ಹೆಚ್ಚಿನ ಪಾಲು ಅಡುಗೆಗೆ, ಅದರ ನಂತರದ ಜಾಗ ಸ್ನಾನದ ನೀರಿಗೆ. ಆ ಸೌದೆ ತರುವವರು ಹೆಚ್ಚಾಗಿ ಹೆಂಗಸರು, ಮಕ್ಕಳು. ಹೆಂಗಸರ ಬೆನ್ನಿನ ಮೇಲಿನ ಹೊರೆಯನ್ನು ವಿಜ್ಞಾನದ ಲೆಕ್ಕಕ್ಕೆ ತಂದ ಆ ಮನುಷ್ಯರ ಬಗ್ಗೆ ನನಗೆ ಇವತ್ತಿಗೂ ದೊಡ್ಡ ಗೌರವ. ಅಮೂಲ್ಯ ರೆಡ್ಡಿಯವರು 2006ರಲ್ಲಿ ತೀರಿಕೊಂಡರು.

ಆ ಗುಂಪಿನ ಲೋಕ್ರಾಸ್, ಕೆ.ಎಸ್. ಜಗದೀಶ್ ಮೊದಲಾದವರು ಸೇರಿ ಅಸ್ತ್ರ ಒಲೆ ಮಾಡಿದರು. ಅದರಲ್ಲಿ ಹೊಸ ಲೋಹ ಏನೂ ಇಲ್ಲ. ಮಣ್ಣು, ಇಟ್ಟಿಗೆ, ಒಂದು ಜಾಲರಿ, ಒಂದು ಹೊಗೆಕೊಳವೆ. ಹೊಗೆ ಒಂದಾದ ಮೇಲೊಂದು ಮೂರು ಪಾತ್ರೆಗಳನ್ನು ಸವರಿಕೊಂಡು ಹೋಗಬೇಕು, ಪಾತ್ರೆಗಳು ಕುಳಿಯೊಳಗೆ ಬಿಗಿಯಾಗಿ ಕೂರಬೇಕು, ಗಾಳಿ ಬೇಕಾದಷ್ಟೇ ಬರಬೇಕು. ಇಷ್ಟಕ್ಕೇ ಪ್ರಯೋಗಶಾಲೆಯಲ್ಲಿ ಅದು ನೂರಕ್ಕೆ ನಲವತ್ತರ ಮೇಲೆ ಶಾಖವನ್ನು ಪಾತ್ರೆಗೆ ಮುಟ್ಟಿಸಿತು. ಹಳ್ಳಿಹಳ್ಳಿಗೂ ಹೋಯಿತು. ಎಷ್ಟೋ ಮನೆಗಳಲ್ಲಿ ಕೆಲವೇ ವರ್ಷಕ್ಕೆ ಮೂಲೆಗೂ ಬಿತ್ತು. ಕಾರಣ ಹೇಳುತ್ತೇನೆ ಕೇಳು: ಅಂಥ ಒಲೆಯ ಜೀವ ಇರುವುದು ಅಳತೆಯಲ್ಲಿ. ಸಂದು ಬೆರಳಷ್ಟು ಹೆಚ್ಚಾದರೆ ಹೊಗೆ ಪಾತ್ರೆಗೆ ತಾಗದೆ ಜಾರಿಹೋಗುತ್ತದೆ, ಕಡಿಮೆಯಾದರೆ ಒಲೆಬಾಯಿಯಿಂದ ವಾಪಸ್ಸು ಬರುತ್ತದೆ. ಕಟ್ಟುವವರು ಕಣ್ಣಂದಾಜಿಗೆ ಕಟ್ಟಿದರೆ ಅದು ಬರೀ ಹೊಗೆಕೊಳವೆ ಇರುವ ಹಳೇ ಒಲೆ. ಕೊಳವೆಯ ಮಸಿ ತೆಗೆಯದಿದ್ದರೂ ಅದೇ ಗತಿ.

ಆದ್ದರಿಂದ ನಾನು ಅಳತೆಯನ್ನೇ ವಸ್ತುವಾಗಿ ಮಾಡಿ ತರುತ್ತೇನೆ. ಹಂಡೆಯ ಹೊಟ್ಟೆಯ ಸುತ್ತಳತೆ ತೆಗೆದುಕೊಂಡು ಪ್ಲೈವುಡ್ಡಿನಲ್ಲಿ ಒಂದು ಅಚ್ಚು ಕತ್ತರಿಸುತ್ತೇನೆ. ಗಾರೆಯವನು ಅದನ್ನು ತಿರುಗಿಸುತ್ತಾ ಒಳಗೋಡೆ ಸವರಿದರೆ ಸಂದು ತಾನಾಗಿ ಸರಿಬರುತ್ತದೆ, ಟೇಪು ಹಿಡಿಯುವುದೇ ಬೇಡ.

ಒಲೆ ಹೀಗಿರುತ್ತದೆ. ಈಗ ಬೆಂಕಿ ತಾಗುತ್ತಿರುವುದು ಹಂಡೆಯ ತಳಕ್ಕೆ ಮಾತ್ರ. ಸೊಂಟದ ಅಗಲ 45 ಸೆಂಟಿಮೀಟರ್ ಇರುವ ಹಂಡೆಯ ತಳ ಹೆಚ್ಚುಕಡಿಮೆ 0.16 ಚದರ ಮೀಟರ್. ಪಕ್ಕಗಳನ್ನು 30 ಸೆಂಟಿಮೀಟರ್ ಎತ್ತರದವರೆಗೆ ಹೊಗೆಗೆ ಒಡ್ಡಿದರೆ ಇನ್ನೂ 0.42 ಸೇರುತ್ತದೆ. ಒಂದು ರೂಪಾಯಿಯ ಲೋಹ ಸೇರಿಸದೆ ಮೈ ಮೂರೂವರೆ ಪಟ್ಟಾಯಿತು. ಹಂಡೆಯ ಸುತ್ತ ಗೋಡೆ ಕಟ್ಟಿ ಒಂದೂವರೆ ಸೆಂಟಿಮೀಟರ್ ಸಂದು ಬಿಟ್ಟು, ಹೊಗೆ ಅದರಲ್ಲೇ ಏರಿ ಕತ್ತಿನ ಹತ್ತಿರ ಕೊಳವೆ ಸೇರುವಂತೆ ಮಾಡುತ್ತೇನೆ. ಇಲ್ಲೊಂದು ಸೂಕ್ಷ್ಮ ಇದೆ, ಹುಡುಗನಿಗೆ ತೋರಿಸು. ಕೊಳವೆ ಒಂದೇ ಬದಿಯಲ್ಲಿರುವುದರಿಂದ ಹೊಗೆ ಆ ಬದಿಯಲ್ಲೇ ಹತ್ತಿರದ ದಾರಿ ಹಿಡಿದು ಹೋಗಿಬಿಡುತ್ತದೆ, ಎದುರು ಬದಿ ತಣ್ಣಗೇ ಉಳಿಯುತ್ತದೆ. ಹಾಗಾಗಿ ಹಂಡೆಯನ್ನು ನಟ್ಟನಡುವೆ ಕೂರಿಸದೆ ಕೊಳವೆಯ ಕಡೆಗೆ ಚೂರು ಸರಿಸಬೇಕು. ಕೊಳವೆಯ ಬದಿ ಸಂದು ಒಂದು ಸೆಂಟಿಮೀಟರ್, ಎದುರು ಬದಿ ಎರಡು. ಆಗ ಹೊಗೆ ಬಳಸಿಕೊಂಡೇ ಹೋಗಬೇಕಾಗುತ್ತದೆ.

ತಳದಿಂದ ಜಾಲರಿಗೆ ಒಂದು ಗೇಣು. ಜಾಲರಿಯನ್ನು ನನ್ನ ಶೆಡ್ಡಿನಲ್ಲಿ ಬಿದ್ದಿರುವ 12 ಮಿಲಿಮೀಟರ್ ಸರಳಿನ ತುಂಡುಗಳಲ್ಲೇ ಬೆಸೆಯುತ್ತೇನೆ. ಗಾಳಿ ಜಾಲರಿಯ ಕೆಳಗಿನಿಂದ ಬರಬೇಕು. ಸೌದೆ ಹಾಕುವ ಬಾಯಿಗೆ ತಗಡಿನ ಬಾಗಿಲು, ಸೌದೆ ತುರುಕಿದ ಮೇಲೆ ಅದನ್ನು ಮುಚ್ಚಿಡು. ತೆರೆದ ಬಾಯಿಯಿಂದ ನುಗ್ಗುವ ತಣ್ಣನೆ ಗಾಳಿಯೇ ಶಾಖವನ್ನು ಹೊತ್ತುಕೊಂಡು ಹೋಗುವ ದೊಡ್ಡ ಕಳ್ಳ. ಗ್ಯಾಲ್ವನೈಸ್ಡ್ ತಗಡನ್ನು ಬೆಂಕಿಯ ಹತ್ತಿರ ಎಲ್ಲೂ ಬಳಸುವುದಿಲ್ಲ, ಅದರ ಸತುವು ಸುಟ್ಟು ಬರುವ ಹೊಗೆ ಕೆಟ್ಟದ್ದು. ಒಳಗೋಡೆಗೆ ಬರೀ ಇಟ್ಟಿಗೆ ಬೇಡ. ನಿಮ್ಮ ಕಡೆ ಅಕ್ಕಿ ಗಿರಣಿಯಲ್ಲಿ ಹೊಟ್ಟಿನ ಬೂದಿ ಸುಮ್ಮನೆ ಸಿಗುತ್ತದೆ, ಎರಡು ಚೀಲ ತರಿಸಿಡು. ಅದನ್ನು ಕೆಮ್ಮಣ್ಣಿನಲ್ಲಿ ಕಲಸಿ ಮೆತ್ತಿದರೆ ಗೋಡೆ ಶಾಖ ಹೀರುವುದು ತಗ್ಗುತ್ತದೆ. ಬೆಳಿಗ್ಗೆ ಒಂದು ಗಂಟೆ ಉರಿಯುವ ಒಲೆಯಲ್ಲಿ ದಪ್ಪ ಇಟ್ಟಿಗೆಯೇ ಮೊದಲು ಬಿಸಿಯಾಗಿ, ನೀರು ಆಮೇಲೆ ಬಿಸಿಯಾದರೆ ಏನು ಬಂತು?

ಹೊಗೆಕೊಳವೆ ನಾಲ್ಕು ಇಂಚಿನದು, ಸೂರಿನಿಂದ ಮೇಲಕ್ಕೆ ಎದ್ದಿರಬೇಕು. ಹೊಗೆಯ ಬಿಸಿಯನ್ನೆಲ್ಲ ಕಸಿದುಕೊಳ್ಳೋಣ ಅಂತ ಹುಡುಗ ಹಟ ಹಿಡಿದ. ಬೇಡ ಅಂದೆ. ಕೊಳವೆಯಲ್ಲಿ ಒಂದಿಷ್ಟು ಬಿಸಿ ಉಳಿದರೇ ಹೊಗೆ ಮೇಲಕ್ಕೆ ಎಳೆದುಕೊಳ್ಳುವುದು. ತೀರಾ ತಣ್ಣಗಾದರೆ, ಅದರಲ್ಲೂ ಹಸಿ ಕಾಯಿಸಿಪ್ಪೆ ಉರಿಸಿದರೆ, ಕಪ್ಪು ಅಂಟು ಇಳಿದು ಕೊಳವೆ ಕಟ್ಟುತ್ತದೆ. ಸಿಪ್ಪೆಯನ್ನು ಬಿಸಿಲಿಗೆ ಹಾಕಿ ಗರಗರ ಒಣಗಿಸಿಯೇ ಒಲೆಗೆ ಹಾಕು.

ಮಸಿಯ ವಿಷಯ ನಿನಗೆ ಒತ್ತಿ ಹೇಳಬೇಕು. ಒಳಗಿನ ಸುಣ್ಣದ ಪೊರೆಗೆ ನೀನು ಅಷ್ಟು ಕೈ ನೋಯಿಸಿಕೊಳ್ಳುತ್ತೀಯ. ಅದು ಒಂದು ಮಿಲಿಮೀಟರ್ ಕೂತರೂ ಸೌದೆ ಒಲೆಯಲ್ಲಿ ಆಗುವ ನಷ್ಟ ನೂರಕ್ಕೆ ಎರಡು ಮೂರು. ಕರೆಂಟಿನ ರಾಡಿಗಾದರೆ ಆ ಪೊರೆ ಶತ್ರು, ಶಾಖ ಒಳಗೇ ಸಿಕ್ಕಿಕೊಂಡು ರಾಡು ಸುಡುತ್ತದೆ. ಹಂಡೆಗೆ ಹಾಗಲ್ಲ. ಹೊರಗಿನ ಮಸಿ ಅಷ್ಟೇ ದಪ್ಪ ಕೂತರೆ ಹೆಚ್ಚುಕಡಿಮೆ ಐದರಲ್ಲೊಂದು ಪಾಲು ಶಾಖ ಹೋಯಿತು. ನಮ್ಮ ಬಚ್ಚಲ ಹಂಡೆಗಳನ್ನು ಒಲೆಗೇ ಹೂತು ಗಾರೆ ಹಾಕಿಬಿಡುತ್ತಾರೆ, ವರ್ಷಗಟ್ಟಲೆ ಅದರ ಹೊರಮೈ ಯಾರ ಕಣ್ಣಿಗೂ ಬೀಳುವುದಿಲ್ಲ. ಹೊಸ ಒಲೆಯಲ್ಲಿ ಹಂಡೆಯನ್ನು ಹೂಳುವುದಿಲ್ಲ. ಗೋಡೆಯ ಮೇಲೊಂದು ಪಟ್ಟಿ ಕಬ್ಬಿಣದ ಬಳೆ ಕೂರಿಸುತ್ತೇನೆ, ಹಂಡೆಯ ಕತ್ತು ಅದರ ಮೇಲೆ ನಿಲ್ಲುತ್ತದೆ. ಸುತ್ತಲ ಸಂದಿಗೆ ನುಣ್ಣನೆ ಬೂದಿ ತುಂಬಿದರೆ ಹೊಗೆ ಆಚೆ ಬರುವುದಿಲ್ಲ, ಬೇಕಾದಾಗ ಇಬ್ಬರು ಹಿಡಿದು ಹಂಡೆ ಎತ್ತಬಹುದು. ಸೌದೆ ಒಲೆಗೆ ಇಡುವ ಪಾತ್ರೆಯ ಹೊರಗೆ ಅಮ್ಮ ಬೂದಿ ಕಲಸಿ ಬಳಿಯುತ್ತಿದ್ದಳಲ್ಲ, ಹಂಡೆಗೂ ತೆಳ್ಳಗೆ ಹಾಗೇ ಬಳಿ. ಮಸಿ ಬೂದಿಗೆ ಅಂಟುತ್ತದೆ, ತಾಮ್ರಕ್ಕೆ ಅಂಟುವುದಿಲ್ಲ, ಒಂದು ಸಲ ಒರೆಸಿದರೆ ಬಿಟ್ಟುಬರುತ್ತದೆ. ಕೊಳವೆಯ ಬುಡದಲ್ಲಿ ಒಂದು ಕಿಂಡಿ ಬಿಟ್ಟು ಮುಚ್ಚಳ ಹಾಕುತ್ತೇನೆ, ತಿಂಗಳಿಗೊಮ್ಮೆ ಅಲ್ಲಿಂದ ಮಸಿ ಬಾಚಿ ತೆಗೆ.

ಹಂಡೆಗೆ ಮುಚ್ಚಳ ಮರೆಯಬೇಡ. ಒಂದು ಲೀಟರ್ ನೀರು ಆವಿಯಾಗಿ ಹೋದರೆ 540 ಕಿಲೋ ಕ್ಯಾಲೊರಿ ಹೋಯಿತು, ನಿನಗೆ ಬೇಕಾದ ಅಷ್ಟೂ ಶಾಖದ ಕಾಲು ಭಾಗ. ಕೊತಕೊತ ಕುದಿಸಿ ತಣ್ಣೀರು ಬೆರೆಸುವ ಅಭ್ಯಾಸ ಭಾವನವರದು, ಅವರಿಗೆ ಇದನ್ನು ಓದಿ ಹೇಳು. ಹಾಗೆಂದು ಬಿಗಿಮುಚ್ಚಳವೂ ಕೂಡದು. ಸುಮ್ಮನೆ ಮೇಲಿಡುವ ತಟ್ಟೆ ಸಾಕು, ಆವಿ ಹೆಚ್ಚಾದರೆ ತಾನೇ ಎತ್ತಿಕೊಂಡು ಹೊರಗೆ ಹೋಗಬೇಕು.

ಇಟ್ಟಿಗೆ, ಕೊಳವೆ, ಗಾರೆಯವನ ಒಂದು ದಿನದ ಕೂಲಿ ಎಲ್ಲ ಸೇರಿ ಮೂರು ಸಾವಿರದೊಳಗೆ ಮುಗಿಯುತ್ತದೆ. ಕಬ್ಬಿಣದ ಕೆಲಸಕ್ಕೆ ನಿನ್ನ ಹತ್ತಿರ ಕಾಸು ತೆಗೆದುಕೊಳ್ಳುವ ತಮ್ಮ ನಾನಲ್ಲ. ಅಸ್ತ್ರದವರ ಪ್ರಯೋಗಶಾಲೆಯ ನಲವತ್ತು ನಮ್ಮ ಬಚ್ಚಲಲ್ಲಿ ಬರುತ್ತದೆ ಅಂತ ಮಾತು ಕೊಡುವುದಿಲ್ಲ. ಮೂವತ್ತು ಬಂದರೂ ಐದು ಕಿಲೋ ಸೌದೆ ಎರಡು ಕಿಲೋದೊಳಗೆ ಇಳಿಯಿತು. ಹುಡುಗ ಒಂದು ತಕ್ಕಡಿ, ಒಂದು ಥರ್ಮಾಮೀಟರ್ ಇಟ್ಟುಕೊಂಡು ಹಳೆಯ ಒಲೆಯಲ್ಲಿ ಒಂದು ವಾರ, ಹೊಸದರಲ್ಲಿ ಒಂದು ವಾರ ಸೌದೆ ತೂಗಿ ಬರೆದಿಡಲಿ. ಕಾಲೇಜಿನ ಪ್ರಾಜೆಕ್ಟಿಗೂ ಅದನ್ನೇ ಕೊಡು ಅಂತ ಹೇಳಿದ್ದೇನೆ. ಒಪ್ಪಿದ್ದಾನೆ, ಆದರೆ ಸುರುಳಿಯ ಆಸೆ ಇನ್ನೂ ಪೂರ್ತಿ ಹೋಗಿಲ್ಲ. ಇರಲಿ, ಮಳೆನೀರು ಹಿಡಿದಿಡುವ ಮನೆಗೆ ಒಂದು ದಿನ ಅದೂ ಆದೀತು.

ದೀಪಾವಳಿಯ ನೀರು ತುಂಬುವ ಹಬ್ಬದ ಹೊತ್ತಿಗೆ ಕೆಲಸ ಮುಗಿದಿರಬೇಕು. ಹಬ್ಬಕ್ಕೆ ಹಿಂದಿನ ಭಾನುವಾರ ಬೆಳಗಿನ ಬಸ್ಸಿಗೆ ಬರುತ್ತೇನೆ. ಅಷ್ಟರೊಳಗೆ, ಹುಡುಗನ ಒಂದು ವಾರದ ತೂಕ ಮುಗಿದ ಮೇಲೆ, ಹಳೆಯ ಒಲೆ ಒಡೆಸಿ ಹಂಡೆ ಹೊರಗೆ ತೆಗೆಸಿಡು, ಕತ್ತಿಗೆ ಹಾರೆ ತಗಲದಂತೆ ಭಾವ ಎದುರಿಗೇ ನಿಲ್ಲಲಿ. ಇಟ್ಟಿಗೆ, ಕೆಮ್ಮಣ್ಣು, ಹೊಟ್ಟಿನ ಬೂದಿ ಸಿದ್ಧವಿರಲಿ. ನಿಮ್ಮೂರ ಗಾರೆಯವನಿಗೆ ಈಗಲೇ ಹೇಳು, ಆವತ್ತು ಬೇರೆ ಕೆಲಸ ಒಪ್ಪಿಕೊಳ್ಳದಿರಲಿ. ಅಚ್ಚನ್ನು ಅವನ ಹತ್ತಿರವೇ ಬಿಟ್ಟುಬರುತ್ತೇನೆ. ಪಕ್ಕದ ಮನೆಯವರು ಕೇಳಿದರೆ ನನ್ನನ್ನು ಕಾಯದೆ ಅವನೇ ಅವರ ಹಂಡೆಯ ಅಳತೆಗೆ ಬೇರೆ ಅಚ್ಚು ಕತ್ತರಿಸಿ ಕಟ್ಟಿಕೊಡಲಿ.

ಇಂತಿ ನಿನ್ನ ತಮ್ಮ